ಮಗ್ಗದ ಮನೆಯಿಂದ ಬಿಡದಿವರೆಗೆ: ಟೊಯೋಟಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಪ್ಪ ಬೆಂಗಳೂರಿನಲ್ಲಿ ಟೊಯೋಟಾ ಕ್ವಾಲಿಸ್ ಓಡಿಸಿಕೊಂಡು ಇಬ್ಬರು ಮಕ್ಕಳನ್ನು ಓದಿಸಿದರು. ರಾತ್ರಿ ಕಾಲ್ ಸೆಂಟರ್ ಡ್ಯೂಟಿ, ಶನಿವಾರ ಭಾನುವಾರ ಧರ್ಮಸ್ಥಳ, ಕುಕ್ಕೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇರುತ್ತಿತ್ತು. ಎಂಜಿನ್ ಆಯಿಲ್ ಬದಲಿಸಿದ ತಾರೀಕು, ಟೈರ್ ತಿರುಗಿಸಿದ ತಾರೀಕು, ಎಲ್ಲ ಅದರಲ್ಲಿ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಅಡ್ಡ ಕೂತು ಬೆಳೆದವನು ನಾನು. ಹಾಗಾಗಿ ಈ ಕಂಪನಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ನೆಂಟರು, ಸ್ನೇಹಿತರು, ಕಾರು ಕೊಳ್ಳಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಟೊಯೋಟಾನಾ, ಟೊಯೋಡಾನಾ? ಎರಡು ಹೆಸರು ಯಾಕೆ?

ಮನೆತನದ ಹೆಸರು ಟೊಯೋಡಾ. ಕಂಪನಿಯ ಹೆಸರು ಟೊಯೋಟಾ. ಟೊಯೋಡಾ ಅಂದರೆ ಚೆನ್ನಾಗಿ ಬೆಳೆಯುವ ಗದ್ದೆ ಅಂತ ಅರ್ಥ. 1936ರಲ್ಲಿ ತಮ್ಮ ಕಾರಿಗೊಂದು ಗುರುತು ಬೇಕು ಅಂತ ಇವರು ಜನರಿಂದಲೇ ಚಿತ್ರ ಬರೆಸಿ ತರಿಸಿಕೊಂಡರು. ಸುಮಾರು 27,000 ಚಿತ್ರ ಬಂದವು. ಗೆದ್ದ ಚಿತ್ರದಲ್ಲಿ ‘ಡಾ’ ಹೋಗಿ ‘ಟಾ’ ಆಗಿತ್ತು. ಜಪಾನಿನ ಕಟಕಾನಾ ಲಿಪಿಯಲ್ಲಿ ‘ಡಾ’ ಬರೆಯಲು ‘ಟಾ’ಗಿಂತ ಎರಡು ಚಿಕ್ಕ ಗೀಟು ಜಾಸ್ತಿ ಬೇಕು. ಅವನ್ನು ತೆಗೆದರೆ ಇಡೀ ಹೆಸರು ಎಂಟು ಗೀಟಿನಲ್ಲಿ ಮುಗಿಯುತ್ತದೆ. ಎಂಟು ಅಲ್ಲಿ ಶುಭದ ಸಂಖ್ಯೆ. ಕಿವಿಗೂ ಹಗುರ ಅನ್ನಿಸಿತು, ಮನೆತನದಿಂದ ಕಂಪನಿ ಸ್ವಲ್ಪ ದೂರವೂ ಆಯಿತು.

ಕಾರ್ಖಾನೆ ಇದ್ದ ಊರಿನ ಹೆಸರು ಕೊರೊಮೊ. 1959ರಲ್ಲಿ ಆ ಊರೇ ತನ್ನ ಹೆಸರನ್ನು ಟೊಯೋಟಾ ಅಂತ ಬದಲಿಸಿಕೊಂಡಿತು.

ಇದು ಮೊದಲು ಮಗ್ಗ ಮಾಡುವ ಕಂಪನಿ ಆಗಿತ್ತಂತೆ, ಹೌದಾ?

ಹೌದು. ಇದನ್ನು ಬಿಟ್ಟು ಟೊಯೋಟಾ ಕಥೆ ಹೇಳಿದರೆ ಅರ್ಧ ಕಥೆ ಹೇಳಿದ ಹಾಗೆ.

ಸಾಕಿಚಿ ಟೊಯೋಡಾ ಹುಟ್ಟಿದ್ದು 1867ರಲ್ಲಿ, ಈಗಿನ ಶಿಜುಒಕಾ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಅಪ್ಪ ಬಡಗಿ. ಊರಿನ ಹೆಂಗಸರು ಮನೆಯಲ್ಲಿ ಕೈಮಗ್ಗ ನೇಯುತ್ತಿದ್ದರು, ಅವರಲ್ಲಿ ಇವರ ತಾಯಿಯೂ ಒಬ್ಬರು. ಆ ದುಡಿಮೆಯನ್ನು ಹಗುರ ಮಾಡಬೇಕು ಅನ್ನೋದು ಹುಡುಗನ ತಲೆಯಲ್ಲಿ ಕೂತಿತು. 1891ರಲ್ಲಿ ಮರದ ಕೈಮಗ್ಗಕ್ಕೆ ಮೊದಲ ಪೇಟೆಂಟ್ ಸಿಕ್ಕಿತು. 1896ರ ಹೊತ್ತಿಗೆ ಯಂತ್ರದಿಂದ ಓಡುವ ಮಗ್ಗ ಬಂತು. 1924ರಲ್ಲಿ ಮಗ ಕಿಯಿಚಿರೊ ಜೊತೆ ಸೇರಿ ಮುಗಿಸಿದ್ದು ಜಿ ಮಾದರಿ ಸ್ವಯಂಚಾಲಿತ ಮಗ್ಗ.

ಆ ಮಗ್ಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೊಡ್ಡಬಳ್ಳಾಪುರದ ಕಡೆ ಪವರ್‌ಲೂಮ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲಿನ, ಪ್ರತಿ ಎಳೆಯ ಮೇಲೂ ಒಂದು ತೆಳು ಲೋಹದ ಪಟ್ಟಿ ನೇತಾಡುತ್ತಿರುತ್ತದೆ. ಎಳೆ ಬಿಗಿಯಾಗಿ ಇರುವ ತನಕ ಪಟ್ಟಿ ಮೇಲೇ ಇರುತ್ತದೆ. ಎಳೆ ಕಡಿಯಿತು ಅನ್ನಿ, ಪಟ್ಟಿ ಕೆಳಗೆ ಬೀಳುತ್ತದೆ, ಮಗ್ಗ ಟಕ್ ಅಂತ ನಿಲ್ಲುತ್ತದೆ. ಆಚೆ ಈಚೆ ಓಡುವ ಲಾಳಿಯೊಳಗೆ ಹೊಕ್ಕಿನ, ಅಂದರೆ ಅಡ್ಡ ಹಾಯುವ, ನೂಲು ಖಾಲಿಯಾದರೆ ಮಾತ್ರ ಮಗ್ಗ ನಿಲ್ಲುವುದಿಲ್ಲ, ಓಡುತ್ತಲೇ ಹಳೇ ಲಾಳಿ ಬಿಟ್ಟು ಹೊಸ ಲಾಳಿ ಹಾಕಿಕೊಳ್ಳುತ್ತದೆ. ಹೀಗಾಗಿ ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು. ಹಾಳು ಬಟ್ಟೆ ಮೊಳಗಟ್ಟಲೆ ನೇಯುವುದಂತೂ ನಿಂತೇಹೋಯಿತು.

ತಪ್ಪಾದರೆ ಯಂತ್ರ ತಾನಾಗಿ ನಿಲ್ಲಬೇಕು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ. ಕೆಳಗಿನ ಉತ್ತರಗಳಲ್ಲಿ ಇದು ಮತ್ತೆ ಬರುತ್ತದೆ, ಒಳ್ಳೆಯದಕ್ಕೂ ಬರುತ್ತದೆ, ಕೆಟ್ಟದ್ದಕ್ಕೂ ಬರುತ್ತದೆ.

ಮಗ್ಗದ ಪೇಟೆಂಟ್ ಮಾರಿದ ದುಡ್ಡಿನಲ್ಲೇ ಕಾರು ಕಂಪನಿ ಕಟ್ಟಿದರಂತೆ?

ಅರ್ಧ ನಿಜ. 1929ರ ಕೊನೆಯಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್ ಜೊತೆ ಒಪ್ಪಂದ ಆಯಿತು. ಆ ಮಗ್ಗ ಮಾಡುವ ಹಕ್ಕಿಗೆ ಒಂದು ಲಕ್ಷ ಪೌಂಡ್. ಜವಳಿ ಯಂತ್ರದಲ್ಲಿ ಲೋಕಕ್ಕೇ ದೊಡ್ಡಣ್ಣ ಅನ್ನಿಸಿಕೊಂಡಿದ್ದ ಕಂಪನಿಯೊಂದು ಜಪಾನಿನಿಂದ ಹಕ್ಕು ಕೊಂಡಿದ್ದು ಆ ಕಾಲಕ್ಕೆ ದೊಡ್ಡ ಸುದ್ದಿ. ಮುಂದಿನ ವರ್ಷ ಸಾಕಿಚಿ ತೀರಿಕೊಂಡರು. ಆ ದುಡ್ಡನ್ನು ಕಾರಿನ ಸಂಶೋಧನೆಗೆ ಬಳಸು ಅಂತ ಮಗನಿಗೆ ಹೇಳಿ ಹೋದರು ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತದೆ.

ಆದರೆ ಕಾರು ಕಾರ್ಖಾನೆ ಕಟ್ಟುವುದಕ್ಕೆ ಆ ಹಣ ಎಲ್ಲಿಗೂ ಸಾಲುವುದಿಲ್ಲ. 1933ರಲ್ಲಿ ಕಿಯಿಚಿರೊ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗ ತೆರೆದರು. 1934ರ ಶುರುವಿನಲ್ಲಿ ಷೇರುದಾರರು ಸಭೆ ಸೇರಿ ಕಾರು ಮಾಡಲು ಒಪ್ಪಿ ಬಂಡವಾಳ ಹೆಚ್ಚಿಸಿದರು. ಅಂದರೆ ಮಗ್ಗ ಮಾರಿ ಬರುತ್ತಿದ್ದ ಲಾಭ ಮತ್ತು ಷೇರುದಾರರ ಹಣ ಎರಡೂ ಸೇರಿ ಕಾರು ಆಯಿತು.

ಮೊದಲ ಕಾರು ಹೇಗಿತ್ತು?

ಆಗ ಜಪಾನಿನಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಬಹುಪಾಲು ಅಮೆರಿಕದವೇ. ಫೋರ್ಡ್ ಯೊಕೊಹಾಮಾದಲ್ಲಿ, ಜನರಲ್ ಮೋಟಾರ್ಸ್ ಒಸಾಕಾದಲ್ಲಿ ಬಿಡಿಭಾಗ ತಂದು ಜೋಡಿಸುತ್ತಿದ್ದವು. ಕಿಯಿಚಿರೊ ಒಂದು ಶೆವರ್ಲೆ ಕೊಂಡು ಬೋಲ್ಟ್ ಬೋಲ್ಟೂ ಬಿಚ್ಚಿ ನೋಡಿದರು. 1935ರ ಮೇ ತಿಂಗಳಲ್ಲಿ ಎ1 ಅನ್ನೋ ಮಾದರಿ ಕಾರು ತಯಾರಾಯಿತು. ಎಂಜಿನ್ ಶೆವರ್ಲೆ ರೀತಿಯದು, ಮೈಕಟ್ಟು ಕ್ರೈಸ್ಲರ್ ಗುಂಪಿನ ಡಿಸೋಟೊ ರೀತಿಯದು. ಮಾರಾಟಕ್ಕೆ ಮೊದಲು ಬಂದಿದ್ದು ಜಿ1 ಟ್ರಕ್, ಅದೇ ವರ್ಷದ ಕೊನೆಗೆ. ಎಎ ಅನ್ನೋ ಸೆಡಾನ್ ಬಂದಿದ್ದು 1936ರಲ್ಲಿ. ಟೊಯೋಟಾ ಮೋಟಾರ್ ಕಂಪನಿ ಬೇರೆಯಾಗಿ ನೋಂದಣಿ ಆಗಿದ್ದು 1937ರ ಆಗಸ್ಟ್ 28ಕ್ಕೆ.

ಆ ಮೊದಲ ಟ್ರಕ್‌ಗಳು ಚೆನ್ನಾಗಿರಲಿಲ್ಲ. ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು, ಹಿಂದಿನ ಆಕ್ಸಲ್ ಕವಚ ಬಿರುಕು ಬಿಡುತ್ತಿತ್ತು. ಮಾರಾಟ ನೋಡಿಕೊಳ್ಳುತ್ತಿದ್ದ ಶೊತಾರೊ ಕಾಮಿಯಾ ಎಷ್ಟು ಹೊತ್ತಿಗೆ ಕರೆ ಬಂದರೂ ಜನ ಕಳಿಸಿ ಪುಕ್ಕಟೆ ರಿಪೇರಿ ಮಾಡಿಸಿದರು. ಯಾವ ಭಾಗ ಮುರಿಯಿತು, ಯಾಕೆ ಮುರಿಯಿತು ಅನ್ನೋದು ಕಾರ್ಖಾನೆಗೆ ವಾಪಸ್ ಹೋಗುತ್ತಿತ್ತು. ಗಟ್ಟಿ ಗಾಡಿ ಅನ್ನೋ ಹೆಸರು ಹುಟ್ಟಿನಿಂದ ಬಂದಿದ್ದಲ್ಲ. ರಸ್ತೆ ಬದಿಯಲ್ಲಿ ನಿಂತ ಟ್ರಕ್‌ಗಳ ಕೆಳಗೆ ಮಲಗಿ ಕಲಿತದ್ದು.

ಟೊಯೋಟಾ ಒಂದು ಕಾಲದಲ್ಲಿ ದಿವಾಳಿ ಅಂಚಿಗೆ ಹೋಗಿತ್ತು ಅಂತಾರಲ್ಲ?

ಹೋಗಿತ್ತು. ಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬೆಲೆ ಏರಿಕೆ ತಡೆಯಲು 1949ರಲ್ಲಿ ಸಾಲ, ಖರ್ಚು ಎಲ್ಲ ಬಿಗಿ ಮಾಡಿದರು. ಟ್ರಕ್ ಕೊಳ್ಳುವವರಿಲ್ಲ, ಕೊಂಡವರು ಕಂತು ಕಟ್ಟಲಿಲ್ಲ. ಕಂಪನಿ ಮುಳುಗುವ ಹಂತ. ಬ್ಯಾಂಕ್ ಆಫ್ ಜಪಾನ್‌ನ ನಗೋಯಾ ಶಾಖೆ ಬೇರೆ ಬ್ಯಾಂಕುಗಳನ್ನು ಸೇರಿಸಿ ಸಾಲ ಕೊಡಿಸಿತು. ಆದರೆ ಷರತ್ತು ಗಟ್ಟಿಯಾಗಿತ್ತು. ಮಾರಾಟಕ್ಕೆ ಬೇರೆ ಕಂಪನಿ ಆಗಬೇಕು, ಖರ್ಚು ಇಳಿಸಬೇಕು. ಹಾಗೆ ಬೇರೆಯಾದ ಮಾರಾಟ ಕಂಪನಿ ತಿರುಗಿ ಒಂದಾಗಿದ್ದು 1982ರಲ್ಲಿ.

ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಅಂತ ಕಿಯಿಚಿರೊ ಮಾತು ಕೊಟ್ಟಿದ್ದರು. 1950ರ ವಸಂತದಲ್ಲಿ ಸುಮಾರು 1,600 ಜನರನ್ನು ಬಿಡಿಸಬೇಕು ಅನ್ನೋ ಹಂತ ಬಂತು. ಮುಷ್ಕರ ನಡೆಯಿತು. ಕೊನೆಗೆ ಜೂನ್ ತಿಂಗಳಲ್ಲಿ ಕಿಯಿಚಿರೊ ತಾವೇ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ತಿಂಗಳ 25ಕ್ಕೆ ಕೊರಿಯಾ ಯುದ್ಧ ಶುರು. ಅಮೆರಿಕದ ಸೇನೆ 1,000 ಟ್ರಕ್ ಬೇಕು ಅಂತ ಬಂತು, ಆಮೇಲೆ ಇನ್ನೂ ಕೇಳಿತು. ಕಂಪನಿ ಉಳಿಯಿತು. ಕೆಲವೇ ವಾರ ಆಚೀಚೆ ಆಗಿದ್ದರೆ ಅವರು ಹೋಗಬೇಕಾಗಿರಲಿಲ್ಲ ಅನ್ನಿಸುತ್ತದೆ ನನಗೆ. 1952ರಲ್ಲಿ ವಾಪಸ್ ಬರುವ ಮಾತಾಗಿತ್ತು. ಅಷ್ಟರಲ್ಲಿ ಮಾರ್ಚ್ ತಿಂಗಳಲ್ಲಿ, 57ನೇ ವಯಸ್ಸಿಗೆ, ತೀರಿಕೊಂಡರು. ಕೊರೊಲ್ಲಾ, ಲೆಕ್ಸಸ್ ಯಾವುದನ್ನೂ ಅವರು ನೋಡಲಿಲ್ಲ.

ಎಲ್ಲರೂ ಹೇಳುವ ‘ಟೊಯೋಟಾ ಪದ್ಧತಿ’ ಅಂದರೆ ಏನು?

ಮ್ಯಾನೇಜ್‌ಮೆಂಟ್ ಕಾಲೇಜಿನವರು ಇದನ್ನು ಕಷ್ಟ ಮಾಡಿ ಹೇಳುತ್ತಾರೆ. ವಿಷಯ ಸರಳ.

ಬೇಕಾದ ಸಾಮಾನು, ಬೇಕಾದಾಗ, ಬೇಕಾದಷ್ಟೇ ಇರಬೇಕು. ಇದು ಕಿಯಿಚಿರೊ ಹೇಳಿದ್ದು. ಅದನ್ನು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಕೂತು ಮಾಡಿ ತೋರಿಸಿದವರು ತೈಯಿಚಿ ಒನೊ. ಅವರಿಗೆ ಹಿಡಿಸಿದ್ದು ಅಮೆರಿಕದ ಸೂಪರ್‌ಮಾರ್ಕೆಟ್. ಗಿರಾಕಿ ಕಪಾಟಿನಿಂದ ಎಷ್ಟು ತೆಗೆದರೋ ಅಷ್ಟನ್ನೇ ಅಂಗಡಿಯವರು ತುಂಬುತ್ತಾರೆ. ಕಾರ್ಖಾನೆಯಲ್ಲೂ ಹಾಗೇ ಯಾಕೆ ಮಾಡಬಾರದು? ಡಬ್ಬಿಯಲ್ಲಿದ್ದ ಬಿಡಿಭಾಗ ಬಳಸಿದರೆ ಅದರ ಜೊತೆಗಿದ್ದ ಚೀಟಿ ಹಿಂದಿನ ವಿಭಾಗಕ್ಕೆ ಹೋಗುತ್ತದೆ. ಆ ಚೀಟಿ ಬಂದರೆ ಮಾತ್ರ ಅವರು ಇನ್ನಷ್ಟು ಮಾಡುತ್ತಾರೆ. ಆ ಚೀಟಿಯೇ ಕಾನ್‌ಬಾನ್.

ಈ ಪದ್ಧತಿಯ ಇನ್ನೊಂದು ಕಾಲು ಮಗ್ಗದಿಂದ ಬಂದದ್ದು. ಜೋಡಣೆ ಸಾಲಿನ ಮೇಲೆ ಒಂದು ಹಗ್ಗ ಓಡುತ್ತದೆ. ನಟ್ ಸರಿಯಾಗಿ ಕೂರಲಿಲ್ಲ, ಬಾಗಿಲು ಒಂದು ಎಳ್ಳಷ್ಟು ಹೊರಗಿದೆ ಅನ್ನಿಸಿದರೆ ಅಲ್ಲಿ ನಿಂತ ಕೆಲಸಗಾರ ಹಗ್ಗ ಎಳೆಯಬಹುದು. ಎಳೆಯಲೇಬೇಕು. ತಕ್ಷಣ ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾರೆ. ಆ ಕಾರು ಮುಂದಿನ ಗೆರೆ ಮುಟ್ಟುವುದರೊಳಗೆ ಸರಿಹೋದರೆ ಸರಿ. ಇಲ್ಲದಿದ್ದರೆ ಸಾಲು ನಿಲ್ಲುತ್ತದೆ. ಹಾಸಿನ ಎಳೆ ಕಡಿದಾಗ ಪಟ್ಟಿ ಬಿದ್ದು ಮಗ್ಗ ನಿಲ್ಲುತ್ತಿತ್ತಲ್ಲ, ಅದೇ ಇದು. ಪಟ್ಟಿಯ ಜಾಗದಲ್ಲಿ ಮನುಷ್ಯ ಬಂದ, ಅಷ್ಟೇ.

ನಿಂತ ಮೇಲೆ ‘ಯಾರು ಮಾಡಿದ್ದು’ ಅಂತ ಕೇಳುವುದಿಲ್ಲ. ‘ಯಾಕೆ ಆಯಿತು’ ಅಂತ ಐದು ಸಲ ಕೇಳುತ್ತಾರೆ. ಯಂತ್ರ ಯಾಕೆ ನಿಂತಿತು? ಫ್ಯೂಸ್ ಹೋಯಿತು. ಫ್ಯೂಸ್ ಯಾಕೆ ಹೋಯಿತು? ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಜಾಸ್ತಿಯಾಯಿತು. ಎಣ್ಣೆ ಯಾಕೆ ಸಾಲಲಿಲ್ಲ? ಪಂಪು ಎಳೆಯುತ್ತಿರಲಿಲ್ಲ. ಹೀಗೆ ಬುಡ ಸಿಗುವ ತನಕ ಹೋಗಬೇಕು. ನಾನು ಕೆಲಸ ಮಾಡಿದ ಜಾಗಗಳಲ್ಲಿ ಮೊದಲ ‘ಯಾಕೆ’ಗೇ ಯಾರದೋ ಹೆಸರು ಬಂದುಬಿಡುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹಾಗಾಗಿ ಈ ಐದು ಪ್ರಶ್ನೆಯ ಮೇಲೆ ನನಗೆ ತುಂಬಾ ಗೌರವ.

ಅಮೆರಿಕದಲ್ಲಿ ಮೊದಲ ಸಲಕ್ಕೇ ಗೆದ್ದರಾ?

ಇಲ್ಲ, ಸೋತರು. 1957ರಲ್ಲಿ ಕ್ರೌನ್ ಕಾರನ್ನು ಟೊಯೋಪೆಟ್ ಅನ್ನೋ ಹೆಸರಿನಲ್ಲಿ ಒಯ್ದರು. ಜಪಾನಿನ ಕೆಟ್ಟ ರಸ್ತೆಗೆ ಸರಿಯಾಗಿದ್ದ ಕಾರು ಅದು. ಅಮೆರಿಕದ ಹೆದ್ದಾರಿಯಲ್ಲಿ ವೇಗ ಹಿಡಿದರೆ ಎಂಜಿನ್ ಕಾದು, ಗಾಡಿ ನಡುಗುತ್ತಿತ್ತು. 1958ರಲ್ಲಿ ಮಾರಾಟವಾಗಿದ್ದು ಒಟ್ಟು 288 ಗಾಡಿ, ಅದರಲ್ಲಿ ಒಂದು ಲ್ಯಾಂಡ್ ಕ್ರೂಸರ್. ಕಾರು ಕಳಿಸುವುದನ್ನೇ ನಿಲ್ಲಿಸಿದರು. ಲ್ಯಾಂಡ್ ಕ್ರೂಸರ್ ಒಂದನ್ನೇ ಮಾರಿಕೊಂಡು ಅಂಗಡಿ ತೆರೆದಿಟ್ಟುಕೊಂಡರು. ಅಮೆರಿಕದ ರಸ್ತೆಗೆ ಅಂತಲೇ ಸರಿಮಾಡಿದ ಕೊರೋನಾ 1965ರಲ್ಲಿ ಹೋದಾಗ ಜನ ಕೊಂಡರು. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ಚಿಕ್ಕ ಕಾರಿಗೆ ಬೇಡಿಕೆ ಬಂತು. 1975ಕ್ಕೆ ಫೋಕ್ಸ್‌ವ್ಯಾಗನ್ ಅನ್ನು ಹಿಂದೆ ಹಾಕಿ ಅಲ್ಲಿ ಹೊರಗಿನಿಂದ ಬರುವ ಕಾರುಗಳಲ್ಲಿ ಮೊದಲ ಸ್ಥಾನಕ್ಕೆ ಬಂದರು.

ಕೊರೊಲ್ಲಾ ಅಷ್ಟೊಂದು ಯಾಕೆ ಮಾರಾಟವಾಯಿತು?

1966ರಲ್ಲಿ ಬಂದ ಕಾರು. ಎದುರಾಳಿ ನಿಸ್ಸಾನ್ ಸನ್ನಿ 1000 ಸಿಸಿ. ಇವರು 1100 ಸಿಸಿ ಕೊಟ್ಟರು, ನೂರು ಸಿಸಿ ಜಾಸ್ತಿ ಅಂತಲೇ ಜಾಹೀರಾತು ಮಾಡಿದರು. ಮಧ್ಯಮ ವರ್ಗದ ಮನೆಯವರಿಗೆ ಸ್ವಲ್ಪ ಮೇಲಿನ ಕಾರು ಕೊಂಡೆವು ಅನ್ನೋ ಸಂತೋಷ ಸಿಗುತ್ತಿತ್ತು. 2021ರ ಹೊತ್ತಿಗೆ ಕೊರೊಲ್ಲಾ ಹೆಸರಿನಲ್ಲಿ 5 ಕೋಟಿಗೂ ಹೆಚ್ಚು ಕಾರು ಮಾರಾಟವಾಗಿವೆ. ಎದೆ ಝಲ್ಲೆನ್ನಿಸುವ ಕಾರು ಅಲ್ಲ. ಬೆಳಿಗ್ಗೆ ಕೀ ತಿರುಗಿಸಿದರೆ ಶುರುವಾಗುವ ಕಾರು. ಲೋಕದ ಬಹಳ ಜನಕ್ಕೆ ಬೇಕಾಗಿದ್ದು ಅದೇ.

ಲ್ಯಾಂಡ್ ಕ್ರೂಸರ್, ಹೈಲಕ್ಸ್ ಮುರಿಯುವುದೇ ಇಲ್ಲ ಅನ್ನೋ ಹೆಸರು ಎಲ್ಲಿಂದ ಬಂತು?

ಗಲ್ಫ್‌ನಲ್ಲಿ ದುಡಿದು ಬಂದ ಮಂಗಳೂರು, ಉಡುಪಿ, ಭಟ್ಕಳದವರನ್ನು ಕೇಳಿ. ಮರಳುಗಾಡಿನಲ್ಲಿ ಇವೆರಡರ ಮೇಲೆ ಎಷ್ಟು ನಂಬಿಕೆ ಅಂತ ಅವರೇ ಹೇಳುತ್ತಾರೆ.

1951ರಲ್ಲಿ ಬಿಜೆ ಅನ್ನೋ ಜೀಪಿನಂಥ ಗಾಡಿ ಮಾಡಿದರು. ಅದು ಫ್ಯೂಜಿ ಬೆಟ್ಟದ ಆರನೇ ನಿಲ್ದಾಣದ ತನಕ ಹತ್ತಿತು. ಜಪಾನಿನ ಪೊಲೀಸರು ಅದನ್ನು ಕೊಂಡರು. 1954ರಲ್ಲಿ ಲ್ಯಾಂಡ್ ಕ್ರೂಸರ್ ಅನ್ನೋ ಹೆಸರು ಬಂತು. ಹೈಲಕ್ಸ್ ಪಿಕಪ್ ಬಂದಿದ್ದು 1968ರಲ್ಲಿ. ಎರಡೂ ಆಫ್ರಿಕಾ, ಆಸ್ಟ್ರೇಲಿಯಾ, ಅರಬ್ ದೇಶಗಳಲ್ಲಿ ಬೇರೂರಿದವು. ಗಟ್ಟಿ ಚಾಸಿ, ಸರಳ ಎಂಜಿನ್, ಯಾವ ಮೂಲೆಯಲ್ಲೂ ಸಿಗುವ ಬಿಡಿಭಾಗ. ಆಸ್ಪತ್ರೆ ಇಲ್ಲದ ಊರಿಗೆ ಲಸಿಕೆ ಹೊತ್ತುಕೊಂಡು ಹೋಗುವ ಗಾಡಿಯೂ ಇದೇ, ಬಂದೂಕು ಹೊತ್ತವರ ಗಾಡಿಯೂ ಇದೇ. 1987ರಲ್ಲಿ ಆಫ್ರಿಕಾದ ಚಾಡ್ ದೇಶದ ಸೈನಿಕರು ಇಂಥ ಪಿಕಪ್‌ಗಳಲ್ಲಿ ಬಂದು ಲಿಬಿಯಾದ ಟ್ಯಾಂಕ್‌ಗಳನ್ನು ಸೋಲಿಸಿದರು. ಆ ಕದನಕ್ಕೆ ‘ಟೊಯೋಟಾ ಯುದ್ಧ’ ಅಂತಲೇ ಹೆಸರು ಬಿತ್ತು. ಕಂಪನಿ ಹೆಮ್ಮೆಪಡುವ ವಿಷಯ ಅಲ್ಲ ಇದು. ಆದರೆ ಗಾಡಿಯ ಗಟ್ಟಿತನಕ್ಕೆ ಜನ ಮತ್ತೆ ಮತ್ತೆ ಕೊಡುವ ಉದಾಹರಣೆ.

ಲೆಕ್ಸಸ್ ಕೂಡ ಇವರದ್ದೇನಾ?

ಇವರದ್ದೇ. ಲೋಕದ ಅತಿ ಒಳ್ಳೆಯ ಕಾರು ಮಾಡಲು ನಮಗಾಗುತ್ತದಾ ಅಂತ 1983ರಲ್ಲಿ ಕಂಪನಿಯ ಆಗಿನ ಚೇರ್ಮನ್ ಎಯಿಜಿ ಟೊಯೋಡಾ ಕೇಳಿದ ಪ್ರಶ್ನೆಗೆ ಉತ್ತರವಾಗಿ 1989ರಲ್ಲಿ ಲೆಕ್ಸಸ್ ಅನ್ನೋ ಐಷಾರಾಮಿ ಹೆಸರಿನಡಿ ಎಲ್‌ಎಸ್ 400 ಅನ್ನೋ ಕಾರು ಬಂತು. ಅದೇ ಡಿಸೆಂಬರ್‌ನಲ್ಲಿ ಎರಡು ದೂರು ಬಂದಿದ್ದಕ್ಕೆ ಅಮೆರಿಕದಲ್ಲಿ ಮಾರಿದ್ದ ಸುಮಾರು 8,000 ಕಾರನ್ನೂ ವಾಪಸ್ ಕರೆದರು. ಮನೆಗೇ ಬಂದು ಕಾರು ಒಯ್ದು, ಸರಿಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ತಂದುಕೊಟ್ಟರು. ಹೊಸ ಹೆಸರು ಮಣ್ಣುಪಾಲಾಗಬೇಕಿತ್ತು, ಅದರ ಬದಲು ಹೆಸರು ನಿಂತಿತು. ತಪ್ಪು ಕಂಡ ತಕ್ಷಣ ಸಾಲು ನಿಲ್ಲಿಸಿದ್ದು ಇಲ್ಲೂ ಕೆಲಸ ಮಾಡಿತು.

ಹಾಗಾದರೆ 2009-10ರಲ್ಲಿ ಆಗಿದ್ದೇನು?

ಇಲ್ಲಿ ಎಳೆ ಕಡಿದಿತ್ತು, ಮಗ್ಗ ನಿಲ್ಲಲಿಲ್ಲ.

2008ರಲ್ಲಿ ಟೊಯೋಟಾ ಜನರಲ್ ಮೋಟಾರ್ಸ್ ಅನ್ನು ದಾಟಿ ಲೋಕದಲ್ಲೇ ಅತಿ ಹೆಚ್ಚು ಕಾರು ಮಾರುವ ಕಂಪನಿ ಆಯಿತು. 2009ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಂದು ಲೆಕ್ಸಸ್ ನಿಲ್ಲಿಸಲಾಗದೆ ಓಡಿ ಒಂದೇ ಕುಟುಂಬದ ನಾಲ್ವರು ಸತ್ತರು. ಬೇರೆ ಗಾಡಿಯ ನೆಲಹಾಸು ಹಾಕಿದ್ದರಿಂದ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಂಡಿತ್ತು. ನೆಲಹಾಸಿನ ವಿಷಯಕ್ಕೆ ಮೊದಲು 38 ಲಕ್ಷ ಗಾಡಿ ವಾಪಸ್ ಕರೆದರು. 2010ರ ಜನವರಿಯಲ್ಲಿ ಪೆಡಲೇ ಅಂಟಿಕೊಳ್ಳುತ್ತದೆ ಅಂತ ಇನ್ನೂ 23 ಲಕ್ಷ. ಫೆಬ್ರವರಿಯಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಕೂತು ಕ್ಷಮೆ ಕೇಳಿದರು. ನಮ್ಮ ಜನರನ್ನು ತಯಾರು ಮಾಡುವ ವೇಗಕ್ಕಿಂತ ಕಂಪನಿ ಬೆಳೆದ ವೇಗ ಹೆಚ್ಚಾಯಿತು ಅನ್ನೋ ಅರ್ಥದ ಮಾತು ಹೇಳಿದರು.

ಕಾರಿನ ಎಲೆಕ್ಟ್ರಾನಿಕ್ಸ್ ತಾನಾಗಿ ವೇಗ ಹೆಚ್ಚಿಸುತ್ತದೆ ಅನ್ನೋ ಅನುಮಾನವನ್ನು ನಾಸಾದವರೂ ಸೇರಿ ಪರೀಕ್ಷೆ ಮಾಡಿದರು. ಅದಕ್ಕೆ ಪುರಾವೆ ಸಿಗಲಿಲ್ಲ ಅಂತ 2011ರ ವರದಿ ಹೇಳಿತು. ಇದನ್ನಷ್ಟೇ ಹಿಡಿದುಕೊಂಡು ‘ಟೊಯೋಟಾ ತಪ್ಪೇ ಇರಲಿಲ್ಲ’ ಅನ್ನುವವರಿದ್ದಾರೆ. ಅದು ಸರಿಯಲ್ಲ. ನೆಲಹಾಸು, ಪೆಡಲ್ ವಿಷಯದಲ್ಲಿ ಗ್ರಾಹಕರಿಗೆ ದಾರಿ ತಪ್ಪಿಸುವ ಮಾಹಿತಿ ಕೊಟ್ಟಿದ್ದಕ್ಕೆ 2014ರಲ್ಲಿ ಕಂಪನಿ ಅಮೆರಿಕ ಸರ್ಕಾರಕ್ಕೆ 120 ಕೋಟಿ ಡಾಲರ್ ಕಟ್ಟಿತು. ಅಭಿಮಾನಿಗಳಾದ ನಾವು ಇದನ್ನು ಮುಚ್ಚಿಡಬಾರದು.

ದೈಹಾಟ್ಸು ಹಗರಣ ಅಂದರೆ ಏನು? ನಮ್ಮ ಇನ್ನೋವಾಗೂ ಸಂಬಂಧ ಇದೆಯಾ?

ಅದು ಬೇರೆ, ನಮ್ಮದು ಬೇರೆ. ಆದರೆ ಎರಡೂ ಒಂದೇ ಕಾಲದಲ್ಲಿ ಹೊರಬಂದವು.

ದೈಹಾಟ್ಸು ಟೊಯೋಟಾದ ಪೂರ್ತಿ ಒಡೆತನದ ಚಿಕ್ಕ ಕಾರಿನ ಕಂಪನಿ. 2023ರ ಡಿಸೆಂಬರ್‌ನಲ್ಲಿ 64 ಮಾದರಿಗಳ ಸುರಕ್ಷತೆ ಪರೀಕ್ಷೆಯಲ್ಲಿ ಮೋಸ ಆಗಿದೆ ಅಂತ ತನಿಖೆ ಹೇಳಿತು. ಡಿಕ್ಕಿಯಾದಾಗ ಏರ್‌ಬ್ಯಾಗ್ ತಾನಾಗಿ ತೆರೆಯಬೇಕಾದ ಕಡೆ ಟೈಮರ್ ಇಟ್ಟು ತೆರೆಸಿದ್ದೂ ಅದರಲ್ಲಿತ್ತು. ಹಳೆಯ ಪ್ರಕರಣ 1989ರದ್ದು. ಕಾರು ಬೇಗ ಮುಗಿಸಿ ಅನ್ನೋ ಒತ್ತಡ, ಆಗುವುದಿಲ್ಲ ಅಂತ ಹೇಳಲು ಹೆದರಿಕೆ, ಇವೇ ಕಾರಣ ಅಂತ ತನಿಖೆಯವರು ಬರೆದರು. ಅದಕ್ಕೂ ಮುಂಚೆ, 2022ರಲ್ಲಿ, ಟೊಯೋಟಾ ಗುಂಪಿನ ಇನ್ನೊಂದು ಕಂಪನಿಯಾದ ಹಿನೊ ತನ್ನ ಟ್ರಕ್ ಎಂಜಿನ್‌ಗಳ ಹೊಗೆ ಲೆಕ್ಕ ತಿದ್ದಿದ್ದನ್ನು ಒಪ್ಪಿಕೊಂಡಿತ್ತು.

2024ರ ಜನವರಿಯಲ್ಲಿ ಟೊಯೋಟಾ ಇಂಡಸ್ಟ್ರೀಸ್ ಸರದಿ. ಡೀಸೆಲ್ ಎಂಜಿನ್‌ನ ಶಕ್ತಿ ಅಳೆಯುವಾಗ ಮಾರುವ ಗಾಡಿಯಲ್ಲಿಲ್ಲದ ಸಾಫ್ಟ್‌ವೇರ್ ಹಾಕಿ ಫಲಿತಾಂಶ ನಯ ಮಾಡಿದ್ದರು. ಅದರಿಂದ ಭಾರತದಲ್ಲೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ಕಳಿಸುವುದನ್ನು ಸ್ವಲ್ಪ ದಿನ ನಿಲ್ಲಿಸಿ ಆಮೇಲೆ ಶುರುಮಾಡಿದರು. ಟೊಯೋಟಾ ಇಂಡಸ್ಟ್ರೀಸ್ ಯಾವುದು ಗೊತ್ತಾ? ಸಾಕಿಚಿ ಮಗ್ಗ ಮಾಡಲು 1926ರಲ್ಲಿ ಕಟ್ಟಿದ ಅದೇ ಕಂಪನಿ. ಎಳೆ ಕಡಿದರೆ ನಿಲ್ಲುವ ಮಗ್ಗದ ಮನೆಯಲ್ಲೇ ಹೀಗಾಯಿತು ಅಂತ ಓದಿದ ದಿನ ನಿಜವಾಗಿ ಬೇಜಾರಾಯಿತು.

ಭಾರತಕ್ಕೆ ಟೊಯೋಟಾ ಯಾವಾಗ ಬಂತು? ಬಿಡದಿಗೇ ಯಾಕೆ?

ಮೊದಲು ಬಂದಿದ್ದು 1980ರ ದಶಕದಲ್ಲಿ, ಡಿಸಿಎಂ ಅನ್ನೋ ಕಂಪನಿ ಜೊತೆ ಸೇರಿ, ಡಿಸಿಎಂ ಟೊಯೋಟಾ ಅಂತ. ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಚಿಕ್ಕ ಟ್ರಕ್ ಮಾಡುತ್ತಿದ್ದರು. ಅದು ಕೊನೆಗೆ ಕೊರಿಯಾದ ಡೇವೂ ಕೈಗೆ ಹೋಯಿತು.

ಎರಡನೇ ಸಲ ಬಂದಿದ್ದು ಕಿರ್ಲೋಸ್ಕರ್ ಮನೆತನದ ಜೊತೆ. ಮೊದಲು ಕೈ ಕುಲುಕಿದ್ದು ಕಾರಿಗಲ್ಲ, ಜವಳಿ ಯಂತ್ರಕ್ಕೆ. 1995ರಲ್ಲಿ ಕಿರ್ಲೋಸ್ಕರ್ ಟೊಯೋಡಾ ಟೆಕ್ಸ್‌ಟೈಲ್ ಮೆಷಿನರಿ ಬೆಂಗಳೂರು ಹತ್ತಿರದ ಜಿಗಣಿಯಲ್ಲಿ ಶುರುವಾಯಿತು. ಜಪಾನಿನಲ್ಲಿ ನಡೆದ ಹಾಗೇ ಕರ್ನಾಟಕದಲ್ಲೂ ನೂಲಿನ ಹಿಂದೆಯೇ ಕಾರು ಬಂತು ನೋಡಿ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ಈಗ ಟೊಯೋಟಾ ಪಾಲು 89, ಕಿರ್ಲೋಸ್ಕರ್ ಪಾಲು 11 ಶೇಕಡಾ. ಈ ನಂಟು ಬೆಸೆದ ವಿಕ್ರಮ್ ಕಿರ್ಲೋಸ್ಕರ್ 2022ರ ನವೆಂಬರ್‌ನಲ್ಲಿ ತೀರಿಕೊಂಡರು.

ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿ 1999ರ ಡಿಸೆಂಬರ್‌ನಲ್ಲಿ ಗಾಡಿ ತಯಾರಿ ಶುರು. ಅಲ್ಲಿಯ ತನಕ ಬಿಡದಿ ಅಂದರೆ ತಟ್ಟೆ ಇಡ್ಲಿ ಅಷ್ಟೇ. 2010ರಲ್ಲಿ ಎರಡನೇ ಕಾರ್ಖಾನೆ ಬಂತು. ಮೂರನೆಯದಕ್ಕೆ ಸುಮಾರು 3,300 ಕೋಟಿ ರೂಪಾಯಿ ಹಾಕುವುದಾಗಿ 2023ರ ನವೆಂಬರ್‌ನಲ್ಲಿ ಹೇಳಿದರು.

ಅಲ್ಲೇ 2007ರಿಂದ ಒಂದು ತರಬೇತಿ ಸಂಸ್ಥೆಯೂ ಇದೆ. ರಾಜ್ಯದ ಹಳ್ಳಿಗಳಿಂದ, ಹತ್ತನೇ ತರಗತಿ ಮುಗಿಸಿದ ಬಡ ಮನೆಯ ಮಕ್ಕಳನ್ನು ಆರಿಸಿ, ಹಾಸ್ಟೆಲ್‌ನಲ್ಲಿಟ್ಟು ಮೂರು ವರ್ಷ ಕೆಲಸ ಕಲಿಸುತ್ತಾರೆ. ಮೊದಲು ಹುಡುಗರಿಗೆ ಮಾತ್ರ ಇತ್ತು, ಈಗ ಹುಡುಗಿಯರೂ ಇದ್ದಾರೆ.

ಕ್ವಾಲಿಸ್ ಅಷ್ಟು ಚೆನ್ನಾಗಿ ಓಡುತ್ತಿದ್ದಾಗ ಯಾಕೆ ನಿಲ್ಲಿಸಿದರು?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಕೇಳುವವರ ದನಿಯಲ್ಲಿ ಈಗಲೂ ನೋವು ಇರುತ್ತದೆ.

2000ದ ಜನವರಿಯಲ್ಲಿ ಕ್ವಾಲಿಸ್ ಬಂದಾಗ ಪತ್ರಿಕೆಯವರು ಮೂಗು ಮುರಿದರು. ಇಂಡೋನೇಷ್ಯಾದ ಕಿಜಾಂಗ್ ಅನ್ನೋ ಹಳೇ ಗಾಡಿಯ ತಮ್ಮ ಅದು. ಪೆಟ್ಟಿಗೆಯಂಥ ಆಕಾರ. 2.4 ಲೀಟರ್ ಡೀಸೆಲ್ ಎಂಜಿನ್, ಬರೀ 75 ಕುದುರೆ ಶಕ್ತಿ. ಆದರೆ ಆ ಹೊತ್ತಿಗೇ ಬೆಂಗಳೂರಿನಲ್ಲಿ ಕಾಲ್ ಸೆಂಟರ್‌ಗಳು ತಲೆ ಎತ್ತಿದವು. ರಾತ್ರಿ ಹತ್ತಕ್ಕೆ ಹತ್ತಿಸಿಕೊಂಡು, ಬೆಳಿಗ್ಗೆ ಐದಕ್ಕೆ ಇಳಿಸಿ, ಏಳಕ್ಕೆ ಮತ್ತೆ ಹೊರಡಬೇಕು. ಅಂಥ ದುಡಿಮೆಗೆ ಒಗ್ಗಿದ ಗಾಡಿ ಅದು. ನಮ್ಮ ದೊಡ್ಡಪ್ಪ ಬೆಳಿಗ್ಗೆ ಮನೆ ಮುಂದೆ ನಿಲ್ಲಿಸಿದ ಮೇಲೆ ಬಾನೆಟ್ ಮೇಲೆ ಅಂಗೈ ಇಟ್ಟು ಒಂದು ಕ್ಷಣ ನಿಲ್ಲುತ್ತಿದ್ದರು. ಮಲಗುವ ಮುಂಚೆ ಎತ್ತಿನ ಬೆನ್ನು ಸವರಿದ ಹಾಗೆ. ‘ಇದು ನನ್ನನ್ನ ನಡುದಾರೀಲಿ ಬಿಟ್ಟಿಲ್ಲ ಕಣೋ’ ಅನ್ನುತ್ತಿದ್ದರು.

2005ರಲ್ಲಿ ಅದನ್ನು ನಿಲ್ಲಿಸಿ ಇನ್ನೋವಾ ತಂದರು. ಟೊಯೋಟಾ ಆಗಲೇ ಒಂದೇ ಬುನಾದಿಯ ಮೇಲೆ ಇನ್ನೋವಾ, ಹೈಲಕ್ಸ್, ಫಾರ್ಚೂನರ್ ಮೂರನ್ನೂ ಬೇರೆ ಬೇರೆ ದೇಶಗಳಲ್ಲಿ ಮಾಡಲು ಹೊರಟಿತ್ತು. ಕ್ವಾಲಿಸ್‌ನದು ಹಳೇ ಬುನಾದಿ. ಟ್ಯಾಕ್ಸಿ ಗಾಡಿ ಅನ್ನೋ ಮುದ್ರೆಯೂ ಬಿದ್ದಿತ್ತು. ಓಡುವ ಕುದುರೆಯನ್ನು ಯಾರಾದರೂ ಮಾರುತ್ತಾರಾ ಅಂತ ಆಗ ಎಲ್ಲರೂ ಬೈದರು. ಇನ್ನೋವಾ ಓಡಿತು. 2016ರಲ್ಲಿ ಕ್ರಿಸ್ಟಾ, 2022ರ ಕೊನೆಗೆ ಹೈಬ್ರಿಡ್ ಹೈಕ್ರಾಸ್ ಬಂದವು. ಇವತ್ತು ಮಂತ್ರಿಗಳ ಹಿಂದೂ ಇನ್ನೋವಾ, ಮದುವೆ ದಿಬ್ಬಣದ ಮುಂದೂ ಇನ್ನೋವಾ. 2010ರ ಇಟಿಯೋಸ್‌ಗೆ ಮಾತ್ರ ಆ ಭಾಗ್ಯ ಬರಲಿಲ್ಲ. ಭಾರತಕ್ಕೆಂದೇ ಮಾಡಿದ, ಅಪಘಾತ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದ ಒಳ್ಳೆಯ ಕಾರು, ಒಳಗೆ ಕೂತರೆ ಅಗ್ಗದ್ದು ಅನ್ನಿಸಿತು ಅಂತ ಮನೆಯವರು ಕೈಬಿಟ್ಟರು.

ಬಿಡದಿಯಲ್ಲಿ ಗಲಾಟೆ ಆಗಿತ್ತಲ್ಲ, ಅದೇನು?

ಮೂರು ಸಲ ದೊಡ್ಡದಾಗಿ ಆಗಿದೆ: 2006, 2014, 2020. ಕೊನೆಯದು 2020ರ ನವೆಂಬರ್‌ನಲ್ಲಿ. ಒಬ್ಬ ಕೆಲಸಗಾರನ ಅಮಾನತಿನಿಂದ ಶುರುವಾಗಿ, ಕಾರ್ಮಿಕರು ಒಳಗೇ ಧರಣಿ ಕೂತರು, ಕಂಪನಿ ಬೀಗಮುದ್ರೆ ಹಾಕಿತು. ಕೆಲಸದ ಹೊರೆ ಜಾಸ್ತಿ ಮಾಡಿದ್ದಾರೆ ಅಂತ ಕಾರ್ಮಿಕ ಸಂಘದ ದೂರು. ಧರಣಿ ಕಾನೂನಿಗೆ ವಿರುದ್ಧ ಅಂತ ಕಂಪನಿಯ ಮಾತು. ಧರಣಿ, ಬೀಗಮುದ್ರೆ ಎರಡನ್ನೂ ಬಿಡಿ ಅಂತ ರಾಜ್ಯ ಸರ್ಕಾರ ಆದೇಶ ಹೊರಡಿಸಿದರೂ ವಿವಾದ 2021ರ ಮಾರ್ಚ್‌ವರೆಗೆ ಎಳೆಯಿತು.

ಹಗ್ಗ ಎಳೆಯುವ ಹಕ್ಕು ಕೆಲಸಗಾರನಿಗಿದೆ ಅನ್ನೋ ಪದ್ಧತಿಯ ಬಗ್ಗೆ ಮೇಲೆ ಅಷ್ಟು ಮೆಚ್ಚಿ ಬರೆದೆ. ಅದೇ ಪದ್ಧತಿ ಪ್ರತಿ ನಿಮಿಷವನ್ನೂ ಅಳೆಯುತ್ತದೆ, ದಾಸ್ತಾನು ಕಡಿಮೆ ಇಡುತ್ತದೆ, ಉಸಿರು ತೆಗೆದುಕೊಳ್ಳುವ ಸಮಯವನ್ನೂ ಬಿಗಿ ಮಾಡುತ್ತದೆ. ಸಾಲಿನಲ್ಲಿ ನಿಂತವರ ದೇಹಕ್ಕೆ ಅದು ಹೇಗಿರುತ್ತದೆ ಅನ್ನೋದನ್ನು ಅವರ ಬಾಯಿಂದಲೇ ಕೇಳಬೇಕು.

ಗ್ಲಾನ್ಜಾ ಅಂದರೆ ಬಲೆನೊನೇ ಅಲ್ವಾ?

ಹೌದು. ಟೊಯೋಟಾ ಮತ್ತು ಸುಜುಕಿ 2017ರಿಂದ ಜೊತೆಯಾಗಿವೆ. ಗ್ಲಾನ್ಜಾ ಸುಜುಕಿ ಮಾಡಿದ ಕಾರು, ಟೊಯೋಟಾ ಗುರುತು. ಟೊಯೋಟಾದ ಹೈರೈಡರ್ ಮತ್ತು ಸುಜುಕಿಯ ಗ್ರ್ಯಾಂಡ್ ವಿಟಾರಾ ಎರಡನ್ನೂ ಬಿಡದಿಯಲ್ಲೇ ಮಾಡಲು ಶುರುಮಾಡಿದರು. ದೊಡ್ಡಪ್ಪನ ಕ್ವಾಲಿಸ್ ನೆನೆದುಕೊಂಡು ಗ್ಲಾನ್ಜಾ ಕೊಳ್ಳಬೇಡಿ. ಆ ಕಾರು ಇಷ್ಟವಾದರೆ ಕೊಳ್ಳಿ.

ಎಲೆಕ್ಟ್ರಿಕ್ ಕಾರಿನಲ್ಲಿ ಟೊಯೋಟಾ ಹಿಂದೆ ಬಿತ್ತಾ?

ಬಿತ್ತು ಅಂತಲೇ ನನ್ನ ಅಭಿಪ್ರಾಯ. 1997ರ ಡಿಸೆಂಬರ್‌ನಲ್ಲಿ ಪ್ರಿಯಸ್ ತಂದು ಪೆಟ್ರೋಲ್ ಎಂಜಿನ್ ಜೊತೆ ಮೋಟಾರ್ ಓಡಿಸಿ ತೋರಿಸಿದವರು ಇವರೇ. ಆ ಗೆಲುವಿನ ಮೇಲೆ ಜಾಸ್ತಿ ಹೊತ್ತು ಕೂತರು. 2014ರಲ್ಲಿ ಹೈಡ್ರೋಜನ್ ಕಾರು ಮಿರಾಯ್ ತಂದರು, ಹೈಡ್ರೋಜನ್ ತುಂಬಿಸುವ ಜಾಗಗಳೇ ತೀರಾ ಕಡಿಮೆ ಇದ್ದವು. 2022ರಲ್ಲಿ ಬಂದ ಎಲೆಕ್ಟ್ರಿಕ್ ಕಾರು ಬಿಝಡ್‌4ಎಕ್ಸ್ ಅನ್ನು ಚಕ್ರದ ಬೋಲ್ಟ್ ಸಡಿಲವಾಗುತ್ತದೆ ಅಂತ ಶುರುವಿನಲ್ಲೇ ವಾಪಸ್ ಕರೆಯಬೇಕಾಯಿತು. ಚಾರ್ಜಿಂಗ್ ಇಲ್ಲದ ಊರುಗಳಿರುವ ತನಕ ಹೈಬ್ರಿಡ್ ಬೇಕು ಅನ್ನೋ ಅವರ ವಾದದಲ್ಲಿ ಹುರುಳಿದೆ, ಹೈಕ್ರಾಸ್‌ಗೆ ಜನ ತಿಂಗಳುಗಟ್ಟಲೆ ಕಾದಿದ್ದನ್ನು ನಾವೇ ನೋಡಿದ್ದೇವೆ.

ಟೊಯೋಟಾ ಕೆಡುವುದೇ ಇಲ್ಲ ಅಂತ ನಂಬಿ ಕೊಳ್ಳಬಹುದಾ?

ಎಲ್ಲ ಗಾಡಿಯೂ ಕೆಡುತ್ತದೆ. ದೊಡ್ಡಪ್ಪನ ಗಾಡಿ ಅಷ್ಟು ವರ್ಷ ಬಾಳಿದ್ದರಲ್ಲಿ ಕಂಪನಿಯ ಪಾಲು ಎಷ್ಟಿತ್ತೋ ಆ ನೋಟ್‌ಬುಕ್ಕಿನ ಪಾಲೂ ಅಷ್ಟೇ ಇತ್ತು. ಸೆಕೆಂಡ್ ಹ್ಯಾಂಡ್ ಇನ್ನೋವಾ ನೋಡಲು ಹೋದರೆ ಮೀಟರ್ ನೋಡಿ ಮರುಳಾಗಬೇಡಿ, ಸರ್ವಿಸ್ ದಾಖಲೆ ಕೇಳಿ. ಬೆಲೆ ಇಳಿಯದ ಗಾಡಿಯಲ್ಲೇ ಮೀಟರ್ ತಿರುಗಿಸುವ ಆಸೆ ಜಾಸ್ತಿ ಇರುತ್ತದೆ.

ಆ ಹಳೇ ಮಗ್ಗ ಈಗಲೂ ಇದೆಯಾ? ನೋಡಬಹುದಾ?

ನೋಡಬಹುದು. ನಗೋಯಾದಲ್ಲಿ ಟೊಯೋಡಾ ಮನೆತನದ ಹಳೇ ಜವಳಿ ಕಾರ್ಖಾನೆ ಇದ್ದ ಜಾಗದಲ್ಲಿ, ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ, 1994ರಿಂದ ಮ್ಯೂಸಿಯಂ ಇದೆ. ಜಪಾನಿಗೆ ಹೋಗುವ ಕನ್ನಡಿಗರು ಟೋಕಿಯೊ, ಕ್ಯೋಟೊ ನಡುವೆ ಅರ್ಧ ದಿನ ಇಲ್ಲಿಗೆ ಇಟ್ಟುಕೊಳ್ಳಿ. ಕಾರಿನ ವಿಭಾಗಕ್ಕೆ ಓಡಬೇಡಿ, ಮೊದಲು ನೂಲಿನ ಕಡೆ ಹೋಗಿ. ಜಿ ಮಾದರಿ ಮಗ್ಗವನ್ನು ಓಡಿಸಿ ತೋರಿಸುತ್ತಾರೆ. ಲಾಳಿ ಆಚೆ ಈಚೆ ಬಡಿಯುವ ಸದ್ದು ಕಿವಿ ತುಂಬಿಕೊಂಡಿರುತ್ತದೆ. ಓಡುತ್ತಿರುವಾಗಲೇ ಹಾಸಿನ ಒಂದು ಎಳೆ ಕಡಿಯಲಿ. ಸದ್ದು ಅಲ್ಲಿಗೇ ನಿಲ್ಲುತ್ತದೆ.